ಅಜ್ಜಿಯ ಮುಖ ಮರದ ಹಲಗೆಯ ಮೇಲೆ



ಜುಲೈ 26ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ತಂದೆತಾಯಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರನ್ನು ಸ್ಮರಿಸುತ್ತದೆ. ಈ ಹಬ್ಬಕ್ಕೆ ಹತ್ತಿರವಾಗಿ ಬರುವ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವೆಂದು ಸಾರಿದರು. ಯೇಸುಸ್ವಾಮಿಯ ಈ ಅಜ್ಜ-ಅಜ್ಜಿಯರ ಹೆಸರು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಅವರ ಮುಖ ಹೇಗಿತ್ತೆಂದು ಬಲ್ಲವರಂತೂ ಯಾರೂ ಇಲ್ಲ. ನಮ್ಮ ಅಜ್ಜ-ಅಜ್ಜಿಯರ ಮುಖಗಳಾದರೋ ನಮ್ಮ ಬಳಿ ಇವೆ. ಆದರೆ ಎಲ್ಲಿವೆ? ಟ್ರಂಕಿನ ತಳದಲ್ಲಿ ಬೂಷ್ಟು ಹಿಡಿದ ಆಲ್ಬಂನಲ್ಲಿ, ಗೆದ್ದಲು ಹತ್ತಿದ ಗೋಡೆಯ ಚೌಕಟ್ಟಿನಲ್ಲಿ, ಇಲ್ಲವೇ ಯಾರೂ ತೆರೆದು ನೋಡದ ಮೊಬೈಲ್ ಫೋನಿನಲ್ಲಿ!

ಈ ಮಳೆಗಾಲದಲ್ಲಿ ಮಕ್ಕಳು ಮನೆಯೊಳಗೇ ಇರುವ ಒಂದೆರಡು ದಿನಗಳನ್ನು ಬಳಸಿಕೊಂಡು, ಆ ಮುಖವನ್ನು ಒಂದು ಮರದ ಹಲಗೆಯ ಮೇಲೆ ಇಳಿಸುವುದು ಹೇಗೆಂದು ಹೇಳಬಯಸುತ್ತೇನೆ. ಇದಕ್ಕೆ ಚಿತ್ರಕಲೆ ತಿಳಿದಿರಬೇಕಾಗಿಲ್ಲ. ಬೇಕಾಗುವುದು ಒಂದು ಜೆರಾಕ್ಸ್ ಪ್ರತಿ, ಕರಕುಶಲ ಕೆಲಸಕ್ಕೆ ಬಳಸುವ ಬಿಳಿ ಅಕ್ರಿಲಿಕ್ ಬಣ್ಣ, ಒಂದು ಕುಂಚ, ಸ್ವಲ್ಪ ನೀರು ಮತ್ತು ಬಹಳಷ್ಟು ತಾಳ್ಮೆ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಮೂಲ ಫೋಟೋವನ್ನು ಎಂದಿಗೂ ಈ ಕೆಲಸಕ್ಕೆ ಬಳಸಬೇಡಿ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಗುರುದೀಕ್ಷೆ ಪಡೆದ ಹೊಸದರಲ್ಲಿ ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಹಿರಿಯರ ದಿನಕ್ಕೆಂದು ಮಕ್ಕಳಿಂದ ಇಂಥ ಹಲಗೆಗಳನ್ನು ಮಾಡಿಸುತ್ತಿದ್ದೆ. ಮೊಮ್ಮಕ್ಕಳಿಲ್ಲದ ಒಬ್ಬ ವೃದ್ಧ ವಿಧವೆ ತಮ್ಮ ಗಂಡನ ಫೋಟೋವನ್ನು ಸೆರಗಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. ಹಳೆಯ ಕಪ್ಪು-ಬಿಳುಪು ಚಿತ್ರ, ಇದ್ದದ್ದು ಅದೊಂದೇ. ಆ ದಿನ ಜೋರು ಮಳೆ, ಪೇಟೆಗೆ ಬಸ್ಸಿಲ್ಲ, ಜೆರಾಕ್ಸ್ ಮಾಡಿಸಲಾಗಲಿಲ್ಲ. ಫೋಟೋವೂ ಕಾಗದವೇ ತಾನೇ ಎಂದುಕೊಂಡು ಅದಕ್ಕೇ ಬಣ್ಣ ಬಳಿದು ಹಲಗೆಗೆ ಅಂಟಿಸಿಬಿಟ್ಟೆ. ಮರುದಿನ ನೀರು ಹಚ್ಚಿ ಉಜ್ಜಿದಾಗ ಆ ದಪ್ಪ ಕಾಗದ ಸುಲಭಕ್ಕೆ ಬಿಡಲಿಲ್ಲ. ಬಿಟ್ಟಲ್ಲೆಲ್ಲ ಚಿತ್ರವನ್ನೂ ಕಿತ್ತುಕೊಂಡೇ ಬಂತು. ಅಂಥ ಹಳೆಯ ಫೋಟೋಗಳ ಚಿತ್ರ ಇರುವುದು ಜೆಲಾಟಿನ್ ಎಂಬ ತೆಳುವಾದ ಪದರದಲ್ಲಿ. ನೀರು ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಉಜ್ಜಿದರೆ ಹರಿದು ಹೋಗುತ್ತದೆ. ಇದು ನನಗೆ ತಿಳಿದದ್ದು ಆಮೇಲೆ. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಒಂದು ಕಿವಿ ಮತ್ತು ಅಂಗಿಯ ಕಾಲರ್ ಮಾತ್ರ.

ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಆಕೆ ಬಹಳ ಹೊತ್ತು ಹಲಗೆಯನ್ನೇ ನೋಡಿದರು. ಆಮೇಲೆ ಕಾಲರಿನ ಮೇಲೆ ಬೆರಳಿಟ್ಟು, "ಈ ಗುಂಡಿ ನಾನೇ ಹೊಲಿದದ್ದು ಫಾದರ್" ಎಂದರು. ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಆದುದರಿಂದ ಮೂಲ ಚಿತ್ರವನ್ನು ಮೊದಲು ಸ್ಕ್ಯಾನ್ ಮಾಡಿಸಿ, ಇಲ್ಲವೇ ಬೆಳಕು ಚೆನ್ನಾಗಿರುವಲ್ಲಿ ಫೋನಿನಿಂದ ಚಿತ್ರ ತೆಗೆದುಕೊಳ್ಳಿ. ಮೂಲವನ್ನು ಒಣ ಜಾಗದಲ್ಲಿ ಜೋಪಾನವಾಗಿಡಿ. ಇನ್ನು ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆಯೇ.

ಚಿತ್ರ ಹಲಗೆಗೆ ಹೇಗೆ ಇಳಿಯುತ್ತದೆ?

ಕಾಗದದ ಮೇಲೆ ಅಚ್ಚಾದ ಚಿತ್ರವನ್ನು ಮತ್ತೊಂದು ವಸ್ತುವಿಗೆ ದಾಟಿಸುವ ವಿದ್ಯೆ ಹಳೆಯದು. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬ ಮುದ್ರಕರು 1756ರ ಜುಲೈ ತಿಂಗಳಲ್ಲಿ ಆರು ಗಂಟೆಗಳಲ್ಲಿ 1200ಕ್ಕೂ ಹೆಚ್ಚು ಪಿಂಗಾಣಿ ಬಿಲ್ಲೆಗಳ ಮೇಲೆ ಚಿತ್ರ ಅಚ್ಚೊತ್ತಿದೆವೆಂದು ಪ್ರಮಾಣ ಮಾಡಿ ಹೇಳಿದರು. ಕೈಯಿಂದ ಬಿಡಿಸುವವರಿಗೆ ಕನಸಿನಲ್ಲಿಯೂ ಸಾಧ್ಯವಾಗದ ವೇಗ ಅದು!

ನಮ್ಮ ಕೆಲಸಕ್ಕೆ ನೆರವಾಗುವುದು ಜೆರಾಕ್ಸ್ ಯಂತ್ರ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಈ ವಿಧಾನದಿಂದ ಮೊದಲ ಪ್ರತಿ ತೆಗೆದರು. ಜೆರಾಕ್ಸ್ ಯಂತ್ರ ಮತ್ತು ಲೇಸರ್ ಪ್ರಿಂಟರುಗಳು ಬಳಸುವುದು ಶಾಯಿಯನ್ನಲ್ಲ, ಟೋನರ್ ಎಂಬ ನುಣ್ಣನೆಯ ಪ್ಲಾಸ್ಟಿಕ್ ಪುಡಿಯನ್ನು. ಯಂತ್ರದೊಳಗಿನ ಬಿಸಿಗೆ ಅದು ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಅಕ್ರಿಲಿಕ್ ಬಣ್ಣವೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಡಬ್ಬಿಯಲ್ಲಿರುವಾಗ ಅದರ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದ ಮೇಲೆ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಹಾಗೆ ಪೊರೆಯಾಗುವಾಗ ತನಗೆ ತಾಗಿರುವ ಟೋನರನ್ನು ಅದು ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ನೀರು ಹಚ್ಚಿದರೆ ಕಾಗದದ ನಾರು ನೀರು ಕುಡಿದು ಮೆತ್ತಗಾಗುತ್ತದೆ, ಪ್ಲಾಸ್ಟಿಕ್ ಕುಡಿಯುವುದಿಲ್ಲ. ಹೀಗೆ ಕಾಗದ ಉದುರಿ ಚಿತ್ರ ಉಳಿಯುತ್ತದೆ.

ಇಂಕ್‌ಜೆಟ್ ಪ್ರಿಂಟರಿನ ಪ್ರತಿ ಈ ಕೆಲಸಕ್ಕೆ ಏಕೆ ಬಾರದು ಎಂಬುದಕ್ಕೂ ಇದೇ ಉತ್ತರ. ಅದರದ್ದು ಸಾಮಾನ್ಯವಾಗಿ ನೀರಿನ ಶಾಯಿ; ಒದ್ದೆಯಾದರೆ ಕದಡಿ ಹೋಗುತ್ತದೆ. ಮನೆಯ ಬಿಳಿ ಅಂಟು ಕೂಡ ಒಣಗಿದ ಮೇಲೆ ನೀರು ತಾಗಿದರೆ ಮತ್ತೆ ಮೆತ್ತಗಾಗುವುದರಿಂದ ಅಕ್ರಿಲಿಕ್ಕೇ ಒಳ್ಳೆಯದು.

ಬಿಳಿ ಬಣ್ಣವೇ ಏಕೆ? ಪ್ರಿಂಟರು ಬಿಳಿಯನ್ನು ಅಚ್ಚು ಮಾಡುವುದಿಲ್ಲ. ಚಿತ್ರದಲ್ಲಿ ಕಾಣುವ ಅಜ್ಜಿಯ ಬಿಳಿಗೂದಲು ನಿಜವಾಗಿ ಕಾಗದದ ಬಿಳುಪು. ಕಾಗದ ಹೋದ ಮೇಲೆ ಆ ಬಿಳುಪನ್ನು ಕೊಡುವುದು ಕೆಳಗಿನ ಬಣ್ಣ. ಮರದ ಎಳೆಗಳೇ ಕಾಣಬೇಕೆಂಬ ಆಸೆ ಇದ್ದವರು ಬಣ್ಣದ ಬದಲು ಪಾರದರ್ಶಕ ಅಕ್ರಿಲಿಕ್ ಜೆಲ್ ಬಳಸಬಹುದು. ಆದರೆ ಬೀಟೆಯಂಥ ಗಾಢ ಬಣ್ಣದ ಮರದಲ್ಲಿ ಮುಖವೂ ಗಾಢವಾಗಿಯೇ ಕಾಣುತ್ತದೆಂಬುದು ನೆನಪಿರಲಿ.

ಮಾಡುವ ಕ್ರಮ

ಮೊದಲನೆಯದಾಗಿ, ಹಲಗೆಯನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ. ಮೊದಲು 120ನೇ ನಂಬರಿನದು, ಆಮೇಲೆ 220ರದು. ಧೂಳನ್ನು ಪೂರ್ತಿಯಾಗಿ ಒರೆಸಿ.

ಎರಡನೆಯದಾಗಿ, ಜೆರಾಕ್ಸ್ ಅಂಗಡಿಯಲ್ಲಿ ಚಿತ್ರವನ್ನು ಎಡ-ಬಲ ತಿರುಗಿಸಿ, ಸಾಧಾರಣ ತೆಳು ಕಾಗದದ ಮೇಲೆ ಲೇಸರ್ ಪ್ರತಿ ತೆಗೆಯಲು ಹೇಳಿ. ಫೋಟೋ ಕಾಗದ ಬೇಡ. ತಿರುಗಿಸುವುದನ್ನು ಮರೆತರೆ ಅಜ್ಜಿಯ ಎಡ ಹೆಗಲಿನ ಸೆರಗು ಬಲಕ್ಕೆ ಬರುತ್ತದೆ, ಅಕ್ಷರಗಳಿದ್ದರೆ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕಾಣುತ್ತವೆ. ಪ್ರತಿಯನ್ನು ಬೇಕಾದ ಅಳತೆಗೆ ಕತ್ತರಿಸಿ.

ಮೂರನೆಯದಾಗಿ, ಅಚ್ಚಾದ ಬದಿಯ ಮೇಲೆ, ಚಿತ್ರ ಕಾಣದಷ್ಟು ದಪ್ಪವಾಗಿ ಬಿಳಿ ಬಣ್ಣ ಬಳಿಯಿರಿ. ಫ್ಯಾನ್ ಆರಿಸಿ, ಬೇಗ ಬೇಗ ಮಾಡಿ. ಬಣ್ಣ ಹಸಿಯಿರುವಾಗಲೇ ಕಾಗದವನ್ನು ಹಲಗೆಯ ಮೇಲೆ ಕವುಚಿ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಗಾಳಿಯ ಗುಳ್ಳೆಗಳನ್ನು ಹೊರಡಿಸಿ. ಗುಳ್ಳೆ ಉಳಿದ ಕಡೆ ಚಿತ್ರ ಇಳಿಯುವುದಿಲ್ಲ. ಅಂಚಿನಿಂದ ಹೊರಬಂದ ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕಾಗದದ ಹಿಂಬದಿಗೆ ಬಣ್ಣ ತಾಗಿದರೆ ಅಲ್ಲಿ ನೀರು ಇಳಿಯದು.

ನಾಲ್ಕನೆಯದಾಗಿ, ಒಣಗಲು ಬಿಡಿ. ಬೇಸಗೆಯಲ್ಲಿ 24 ಗಂಟೆ ಸಾಕು. ನಮ್ಮ ಕರಾವಳಿ, ಮಲೆನಾಡುಗಳ ಜುಲೈ ತಿಂಗಳಲ್ಲಿ ಎರಡು ದಿನ ಕಾಯಿರಿ. ಒಲೆಯ ಪಕ್ಕ ಇಟ್ಟು ಅವಸರಪಡಿಸಬೇಡಿ. ಅಂಚು ಒಣಗಿದರೂ ನಡುವೆ ಹಸಿ ಉಳಿದು, ಉಜ್ಜುವಾಗ ಎಲ್ಲವೂ ಕಿತ್ತು ಬರುತ್ತದೆ.

ಐದನೆಯದಾಗಿ, ಒದ್ದೆ ಬಟ್ಟೆಯನ್ನು ಐದು ನಿಮಿಷ ಕಾಗದದ ಮೇಲೆ ಹಾಸಿ. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಸುತ್ತುತ್ತಾ ಉಜ್ಜಿ. ಕಾಗದ ಶಾವಿಗೆಯಂತೆ ಉರುಳಿ ಉರುಳಿ ಬರುತ್ತದೆ, ಅಡಿಯಿಂದ ಮುಖ ಕಾಣಿಸತೊಡಗುತ್ತದೆ. ಮಕ್ಕಳು ಕೂಗಿ ಕುಣಿಯುವುದು ಇಲ್ಲಿಯೇ, ಕೆಲಸ ಕೆಡುವುದೂ ಇಲ್ಲಿಯೇ! ಪೂರ್ತಿ ಹೋಯಿತೆಂದುಕೊಂಡ ಕಾಗದ ಒಣಗಿದ ಮೇಲೆ ಬಿಳಿ ಮಂಜಿನಂತೆ ಮತ್ತೆ ಕಾಣಿಸುತ್ತದೆ. ಮತ್ತೆ ಒದ್ದೆ ಮಾಡಿ, ಮತ್ತೆ ಉಜ್ಜಿ, ಮತ್ತೆ ಒಣಗಿಸಿ. ಮೂರು ನಾಲ್ಕು ಸಲ ಹೀಗೆ ಮಾಡಬೇಕಾಗಬಹುದು. ಒಂದೇ ಸಲಕ್ಕೆ ಮುಗಿಸುತ್ತೇನೆಂದು ಉಗುರಿನಿಂದ ಕೆರೆದರೆ ಮೂಗೋ ಕಣ್ಣೋ ಹೋಗುತ್ತದೆ.

ಕೊನೆಯದಾಗಿ, ಚೆನ್ನಾಗಿ ಒಣಗಿದ ಮೇಲೆ ಪಾರದರ್ಶಕ ಅಕ್ರಿಲಿಕ್ ವಾರ್ನಿಷ್ ಎರಡು ಸಲ ಬಳಿಯಿರಿ. ಉಳಿದ ತೆಳು ಮಂಜೂ ಇದರಿಂದ ಮರೆಯಾಗುತ್ತದೆ.

ಇದೇ ರೀತಿ ತಗಡಿನ ಡಬ್ಬಿ, ಗಾಜಿನ ಬಾಟಲಿ, ಮಣ್ಣಿನ ಹೂಜಿಗಳ ಹೊರಮೈಗೂ ಚಿತ್ರ ಇಳಿಸಬಹುದು. ತಗಡು, ಗಾಜುಗಳ ಜಿಡ್ಡನ್ನು ಸೋಪಿನಿಂದ ತೊಳೆದು ಒಣಗಿಸಿಕೊಳ್ಳಿ. ಮಣ್ಣಿನ ಪಾತ್ರೆ ಬಣ್ಣದ ನೀರನ್ನು ಹೀರಿಬಿಡುವುದರಿಂದ ಮೊದಲೇ ಒಂದು ಸಲ ಬಣ್ಣ ಬಳಿದು ಒಣಗಿಸಿ. ಊಟದ ತಟ್ಟೆಗೆ, ಬಾಯಿ ತಾಗುವ ಲೋಟಕ್ಕೆ, ಬಿಸಿ ಪಾತ್ರೆ ಇಡುವ ಮಣೆಗೆ ಮಾತ್ರ ಇದು ಬೇಡ. ಈ ಬಣ್ಣ, ವಾರ್ನಿಷ್‌ಗಳು ಆಹಾರಕ್ಕೆ ತಾಗುವಂಥವಲ್ಲ. ಬಿಸಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತವೆ ಕೂಡ.

ಹಲಗೆಯ ಹಿಂಬದಿ

ಪ್ರಿಯ ಪೋಷಕರೇ, ಒಣಗಲು ಬಿಟ್ಟ ಆ ಎರಡು ದಿನಗಳನ್ನು ವ್ಯರ್ಥ ಮಾಡಬೇಡಿ. ಮಕ್ಕಳನ್ನು ಅಜ್ಜ-ಅಜ್ಜಿಯರ ಬಳಿ ಕಳುಹಿಸಿ. ದೂರದಲ್ಲಿದ್ದರೆ ಫೋನ್ ಮಾಡಿಸಿ. ಈ ಫೋಟೋ ಯಾವಾಗ ತೆಗೆದದ್ದು, ಪಕ್ಕದಲ್ಲಿ ನಿಂತವರು ಯಾರು, ಆ ಸೀರೆ ಯಾರು ಕೊಟ್ಟದ್ದು ಎಂದು ಕೇಳಲಿ. ತಿಳಿದದ್ದನ್ನು ಹಲಗೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಲಿ: ಪೂರ್ತಿ ಹೆಸರು, ಊರು, ವರ್ಷ. ಮನೆ ಭೇಟಿಗೆ ಹೋದಾಗ ಗೋಡೆಯ ಮೇಲಿನ ಹಳೆಯ ಚಿತ್ರವನ್ನು ತೋರಿಸಿ ಇವರು ಯಾರೆಂದು ಕೇಳುತ್ತೇನೆ. "ಗೊತ್ತಿಲ್ಲ ಫಾದರ್, ನಮ್ಮ ಹಿರಿಯರು ಯಾರೋ" ಎಂಬ ಉತ್ತರ ಎಷ್ಟು ಮನೆಗಳಲ್ಲಿ ಬಂದಿದೆಯೋ! ಬೂಷ್ಟು, ಗೆದ್ದಲುಗಳಿಂದ ಚಿತ್ರವನ್ನು ಉಳಿಸಬಹುದು. ಆದರೆ ಹೆಸರು ಬಲ್ಲ ಕೊನೆಯ ವ್ಯಕ್ತಿ ಕಣ್ಣು ಮುಚ್ಚಿದ ಮೇಲೆ ಕೇಳುವುದು ಯಾರನ್ನು?

ಕೆಲವು ವರ್ಷಗಳ ನಂತರ ಆ ವೃದ್ಧೆಗೆ ರೋಗಿಗಳ ಅಭ್ಯಂಗ ಕೊಡಲು ನನಗೆ ಕರೆ ಬಂತು. ಮಂಚದ ಪಕ್ಕದ ಗೋಡೆಯಲ್ಲಿ, ಶಿಲುಬೆಯ ಕೆಳಗೆ, ಕಿವಿ ಮತ್ತು ಕಾಲರ್ ಮಾತ್ರ ಇದ್ದ ಆ ಹಲಗೆ ತೂಗುತ್ತಿತ್ತು. ಅಂತ್ಯಕ್ರಿಯೆ ಮುಗಿದ ಮೇಲೆ ಅದನ್ನು ಗೋಡೆಯಿಂದ ಇಳಿಸಿ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಯಾವ ಹೆಸರೂ ಇರಲಿಲ್ಲ. ಬರೆದುಕೊಡಬೇಕಾಗಿದ್ದವನು ನಾನೇ.

ಈ ಜುಲೈ ತಿಂಗಳ ನಾಲ್ಕನೆಯ ಭಾನುವಾರ ಬಲಿಪೂಜೆಗೆ ಬರುವಾಗ ನಿಮ್ಮ ಹಲಗೆಗಳನ್ನೂ ತನ್ನಿ. ಆ ಮುಖಗಳ ಒಡೆಯರು ಜೊತೆಗಿದ್ದರೆ ಅವರನ್ನೂ ಕೈಹಿಡಿದು ಕರೆತನ್ನಿ. ಪ್ರಭು ನಿಮ್ಮೆಲ್ಲರ ಕುಟುಂಬಗಳನ್ನು ಹರಸಲಿ.