ಹೆಸರುಳಿದ ಒಬ್ಬ ಅಜ್ಜಿ

ಹಿಂದಿನ ಕಾಲದ ಅವಿಭಕ್ತ ಬ್ರಾಹ್ಮಣ ಕುಟುಂಬಗಳಲ್ಲಿ ‘ಮಡಿ ಅಜ್ಜಿ’ ಎಂದು ಕರೆಯಿಸಿಕೊಳ್ಳುತ್ತಿದ್ದ ವೃದ್ಧೆಯೊಬ್ಬಳಿಲ್ಲದ ಮನೆಯೇ ಅಪರೂಪವಾಗಿದ್ದಿತು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗನ್ನು ಹೊದ್ದು, ಕೋಳಿ ಕೂಗುವುದಕ್ಕೆ ಮುನ್ನವೇ ತಣ್ಣೀರಿನಲ್ಲಿ ಮಿಂದು, ಮನೆಮಂದಿಗೆಲ್ಲ ಬೇಯಿಸಿ ಬಡಿಸಿ, ತಾನು ಮಾತ್ರ ದಿನಕ್ಕೊಂದೇ ಹೊತ್ತು ಉಂಡು, ಮಿಕ್ಕ ಹೊತ್ತಿನಲ್ಲಿ ಹೂಬತ್ತಿ ಹೊಸೆಯುತ್ತಲೋ ಮುತ್ತುಗದೆಲೆ ಹಚ್ಚುತ್ತಲೋ ಕುಳಿತಿರುತ್ತಿದ್ದ ಆಕೆಯ ಹೆಸರೇನೆಂದು ಕೇಳಿದರೆ ಮೊಮ್ಮಕ್ಕಳು ತಡವರಿಸುತ್ತಿದ್ದರು. ಆಕೆ ಕಾಲವಾದ ಮೇಲೆ ಆಕೆಯ ಕೈಯ ಗೊಜ್ಜಿನ ರುಚಿಯನ್ನು ವರ್ಷಗಟ್ಟಲೆ ನೆನೆಯುವವರಿದ್ದರು. ಆಕೆಯ ಜೀವಿತವನ್ನು ನೆನೆಯುವುದಕ್ಕೆ ಅದನ್ನು ಕೇಳಿ ತಿಳಿದವರೇ ಇರುತ್ತಿರಲಿಲ್ಲ.

ಇದಕ್ಕೆ ಅಪವಾದವಾಗಿ ಒಬ್ಬ ಅಜ್ಜಿಯ ಚರಿತ್ರೆ ಕನ್ನಡದಲ್ಲಿ ನಿಂತಿದೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿದ ಎಂ. ಕೆ. ಇಂದಿರಾ ಅವರು ಬಾಲ್ಯದಲ್ಲಿ ಕಂಡಿದ್ದ ಆ ವೃದ್ಧೆ ತನ್ನ ಬಾಳಿನ ಕಥೆಯನ್ನು ಇಂದಿರಾ ಅವರ ತಾಯಿಯ ಮುಂದೆ ಬಿಚ್ಚಿದ್ದಳು. ಅದು ಮಗಳ ಕಿವಿಗೂ ಬಿದ್ದು, ಆಕೆಯ ಮನಸ್ಸಿನಲ್ಲಿ ಬಹುಕಾಲ ಮಾಗಿ, 1976ರಲ್ಲಿ ‘ಫಣಿಯಮ್ಮ’ ಎಂಬ ಕಾದಂಬರಿಯಾಗಿ ಹೊರಬಂದಿತು. ಬಹಳ ಓದುವ ಅವಕಾಶವಿಲ್ಲದೆ, ನಲವತ್ತು ದಾಟಿದ ಮೇಲೆ ಕಾದಂಬರಿಗೆ ಕೈಹಚ್ಚಿದ ಗೃಹಿಣಿ ಈ ಲೇಖಕಿ. ಅಂಥವರಲ್ಲದೆ ಮತ್ತಾರ ಮುಂದೆ ಆ ಅಜ್ಜಿಯ ಬಾಳು ಬಿಚ್ಚಿಕೊಳ್ಳುತ್ತಿತ್ತೋ ನಾನರಿಯೆ.

ಕಾದಂಬರಿಯ ಪ್ರಕಾರ ಫಣಿಯಮ್ಮ 1840ರಿಂದ 1952ರವರೆಗೆ ಬಾಳಿದಳು. ಒಂಬತ್ತನೆಯ ವಯಸ್ಸಿಗೆ ವಿವಾಹ, ಕೆಲವೇ ತಿಂಗಳಲ್ಲಿ ವೈಧವ್ಯ, ಮೈನೆರೆದೊಡನೆ ಕೇಶಮುಂಡನ. ಮೈಸೂರು ಸಂಸ್ಥಾನವು 1894ರಲ್ಲಿ ಬಾಲ್ಯವಿವಾಹವನ್ನು ತಡೆಯಲು ಕಾನೂನು ಮಾಡಿದಾಗಲೂ ಅದು ಪೂರ್ತಿಯಾಗಿ ನಿಷೇಧಿಸಿದ್ದು ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮಾತ್ರ. ಅಂದರೆ ಅರ್ಧ ಶತಮಾನ ತಡವಾಗಿ ಹುಟ್ಟಿದ್ದರೂ ಈ ಮಗುವಿನ ಮದುವೆ ಸಕ್ರಮವೇ ಆಗುತ್ತಿತ್ತು! 1899ರ ‘ಇಂದಿರಾಬಾಯಿ’ ಕಾದಂಬರಿಯಲ್ಲಿ ಗುಲ್ವಾಡಿ ವೆಂಕಟರಾಯರು ತಮ್ಮ ಬಾಲವಿಧವೆ ನಾಯಕಿಗೆ ಪುನರ್ವಿವಾಹವನ್ನು ಮಾಡಿಸಿದರು. ಫಣಿಯಮ್ಮನಿಗೆ ಅಂಥ ದಾರಿ ತೆರೆಯಲಿಲ್ಲ. ಆಕೆ ಅಡಿಗೆಮನೆಯಲ್ಲಿಯೇ ಮುಪ್ಪಾದಳು.

ಹೀಗೆ ಮುಪ್ಪಾದವರಲ್ಲಿ ಅನೇಕರು ತಾವುಂಡ ಕಹಿಯನ್ನು ಮುಂದಿನವರಿಗೂ ಬಡಿಸುತ್ತಿದ್ದುದುಂಟು. ನಮ್ಮ ಮನೆಗಳ ಎಷ್ಟೋ ಸೊಸೆಯರು ಅದನ್ನು ಬಲ್ಲರು. ಫಣಿಯಮ್ಮ ತನ್ನ ಮಡಿಯನ್ನು ಕೂದಲೆಳೆಯಷ್ಟೂ ಸಡಿಲಿಸದೆ ಪಾಲಿಸಿದವಳಾದರೂ, ಅಸ್ಪೃಶ್ಯರೆನಿಸಿಕೊಂಡವರ ಕೇರಿಯ ಹೆಣ್ಣೊಬ್ಬಳು ಹೆರಲಾರದೆ ಒದ್ದಾಡುತ್ತಿರುವಳೆಂದು ತಿಳಿದಾಗ ಸದ್ದಿಲ್ಲದೆ ಹೋಗಿ ತನ್ನ ಕೈಯಿಂದಲೇ ಹೆರಿಗೆ ಮಾಡಿಸಿದಳು. ಹರೆಯದ ವಿಧವೆ ದಾಕ್ಷಾಯಿಣಿ ಮುಂಡನಕ್ಕೆ ತಲೆಗೊಡಲಾರೆನೆಂದು ಹಟ ಹಿಡಿದು, ಹಿರಿಯರು ಧರ್ಮ ಕೆಟ್ಟಿತೆಂದು ಕೂಗಾಡಿದಾಗ, ಅಷ್ಟು ವರ್ಷ ಆ ಧರ್ಮವನ್ನೇ ಹೊತ್ತು ನಡೆದ ಈ ಮುದುಕಿ ಹುಡುಗಿಯ ಪಕ್ಷಕ್ಕೆ ನಿಂತಳು. ವಾದವಿಲ್ಲ, ಶಾಸ್ತ್ರವಚನಗಳಿಲ್ಲ, ಮಾತೂ ಬಹಳವಿಲ್ಲ. ಕಾದಂಬರಿಯನ್ನು ಮತ್ತೆ ಮತ್ತೆ ಓದುವಾಗ ನನಗೆ ತಲೆಬಾಗಬೇಕೆನಿಸುವುದು ಇಲ್ಲಿಯೇ. ಪ್ರೇಮಾ ಕಾರಂತರು ಈ ಕೃತಿಯನ್ನು ಚಲನಚಿತ್ರವಾಗಿಸಿದರು; ಅದರಲ್ಲಿ ಎಲ್. ವಿ. ಶಾರದಾ ಅವರ ಅಭಿನಯವನ್ನು ಕಂಡವರು ಆ ಮೌನದ ತೂಕವನ್ನು ಬಲ್ಲರು.

ಪುಸ್ತಕವನ್ನು ಕೆಳಗಿಟ್ಟಾಗ ನಮ್ಮ ಮನೆಯಲ್ಲಿಯೂ ಇದ್ದ ಒಬ್ಬ ಕೆಂಪು ಸೀರೆಯ ಅಜ್ಜಿ ನೆನಪಿಗೆ ಬಂದಳು. ಆಕೆಯ ತವರು ಯಾವ ಊರು, ಆಕೆಗೆ ಮದುವೆಯಾದದ್ದು ಎಷ್ಟನೆಯ ವಯಸ್ಸಿನಲ್ಲಿ ಎಂದು ಒಂದು ಸಂಜೆ ನಮ್ಮ ತಾಯಿಯವರನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, “ಅದೆಲ್ಲ ಯಾರು ಕೇಳಿದ್ದರಪ್ಪ? ಹೂಬತ್ತಿ ಮಾತ್ರ ಬಹಳ ಸಣ್ಣಗೆ ಹೊಸೆಯುತ್ತಿದ್ದಳು” ಎಂದರು.