ಮೂರು ಕಂತಿನ ಬೇತಾಳ



ಈ ಪುಟದಲ್ಲಿ ನಾವು ಓದಿದ ಪುಸ್ತಕವೊಂದರ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ವಾಡಿಕೆ ತಪ್ಪಿದ್ದೇವೆ. ಈ ಬಾರಿ ನಾವು ಪುಸ್ತಕ ಓದಲಿಲ್ಲ, ವಿಡಿಯೋ ಗೇಮ್ ಆಡಿದೆವು. ಅದೂ ಎಂಥದ್ದು? ಸತ್ತ ಹೆಣಗಳು ಎದ್ದು ಓಡಾಡುವಂಥದ್ದು! ಸಾಹಿತ್ಯ ಬಳಗಕ್ಕೆ ಇದೇನು ಬಂತು ಎಂದು ಹುಬ್ಬೇರಿಸುವ ಮುನ್ನ ಸ್ವಲ್ಪ ಕೇಳಿ.

ನವೆಂಬರ್ ತಿಂಗಳ ನಾರ್‌ಶೋಪಿಂಗ್ ಹೇಗಿರುತ್ತದೆ ಎಂದು ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆಲ್ಲ ಸೂರ್ಯ ಅಂಗಡಿ ಮುಚ್ಚಿಕೊಂಡು ಹೋಗಿರುತ್ತಾನೆ. ಹಳದಿ ಟ್ರಾಮುಗಳು ದೀಪ ಹಾಕಿಕೊಂಡು ಓಡಾಡುತ್ತವೆ. ಮೋತಾಲಾ ನದಿಯ ದಂಡೆಯಲ್ಲಿ ಸಾಲಾಗಿ ನಿಂತಿರುವ ಹಳೆಯ ಬಟ್ಟೆ ಗಿರಣಿಗಳಿಗೆ ಒಂದು ಕಾಲದಲ್ಲಿ 'ಸ್ವೀಡನ್ನಿನ ಮ್ಯಾಂಚೆಸ್ಟರ್' ಎಂಬ ಹೆಸರು ತಂದುಕೊಟ್ಟ ಖ್ಯಾತಿ. ಈಗ ಅದೇ ಕಟ್ಟಡಗಳ ನಡುವೆ ವಸ್ತುಸಂಗ್ರಹಾಲಯ ಇದೆ, ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಆ ಕ್ಯಾಂಪಸ್ಸಿನಲ್ಲಿ ಮೀಡಿಯಾ ಟೆಕ್ನಾಲಜಿ ಓದುತ್ತಿರುವ, ನಮ್ಮ ಬಳಗದ ದಂಪತಿಯೊಬ್ಬರ ಮಗಳು ಒಂದು ದಿನ ನಮ್ಮ ಹರಟೆಯ ನಡುವೆ ಬಾಯಿ ಹಾಕಿದಳು: "ಆಂಟಿ, ವಾರಪತ್ರಿಕೆ ಧಾರಾವಾಹಿಗೆ ಕಾಯ್ತಿದ್ದ ಕಥೆ ಎಷ್ಟು ಸಲ ಹೇಳ್ತೀರಿ! ಇದನ್ನ ಒಂದ್ಸಲ ನೋಡಿ. ಇದೂ ಕಂತು ಕಂತಾಗಿ ಬಂದಿದ್ದೇ. ಮೂರೇ ಕಂತು."

ಹಾಗೆ ಮೂರು ಶನಿವಾರ, ಮೂರು ಕಂತು. ಒಗ್ಗರಣೆ ಅವಲಕ್ಕಿ, ಕಾಫಿ, ಜೊತೆಗೆ ಹೆಣಗಳು.

ಆಟದ ಹೆಸರು 'ದಿ ವಾಕಿಂಗ್ ಡೆಡ್: ಮಿಷೋನ್'. ಕ್ಯಾಲಿಫೋರ್ನಿಯಾದ ಟೆಲ್‌ಟೇಲ್ ಗೇಮ್ಸ್ ಎಂಬ ಕಂಪನಿ 2016ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಿಂಗಳಿಗೊಂದು ಕಂತಿನಂತೆ ಬಿಡುಗಡೆ ಮಾಡಿದ್ದು. ಇದರ ಬೇರು 2003ರಲ್ಲಿ ಶುರುವಾದ ರಾಬರ್ಟ್ ಕರ್ಕ್‌ಮನ್ ಅವರ ಅದೇ ಹೆಸರಿನ ಕಾಮಿಕ್ಸ್‌ನಲ್ಲಿದೆ. ಲೋಕದಲ್ಲಿ ಸತ್ತವರೆಲ್ಲ ಎದ್ದು ನಡೆಯತೊಡಗಿದ್ದಾರೆ, ಕಚ್ಚಿಸಿಕೊಂಡವರು ಸತ್ತು ಮತ್ತೆ ಏಳುತ್ತಾರೆ, ಉಳಿದ ಮನುಷ್ಯರು ಹೆಣಗಳಿಗಿಂತ ಪರಸ್ಪರರಿಗೇ ಹೆಚ್ಚು ಹೆದರಿ ಬದುಕುತ್ತಿದ್ದಾರೆ. ಇಷ್ಟು ಹಿನ್ನೆಲೆ ಸಾಕು. ಮಿಷೋನ್ ಆ ಕಾಮಿಕ್ಸ್‌ನ ಪ್ರಮುಖ ಪಾತ್ರ. ಮೊದಲು ವಕೀಲೆ, ಈಗ ಕತ್ತಿ ಹಿಡಿದವಳು. ಕಾಮಿಕ್ಸ್‌ನ 126ನೆಯ ಸಂಚಿಕೆಯ ನಂತರ ಅವಳು ಕೆಲಕಾಲ ಕಾಣೆಯಾಗಿ 139ರಲ್ಲಿ ಮರಳುತ್ತಾಳೆ. ನಡುವೆ ಎಲ್ಲಿದ್ದಳು? ಆ ಖಾಲಿ ಜಾಗದಲ್ಲಿ ಈ ಆಟ ಕೂತಿದೆ. ನಮ್ಮಲ್ಲಿ ಮಹಾಭಾರತದಲ್ಲಿ ಸಿಕ್ಕಿದ ಸಂದಿಗೆಲ್ಲ ಒಂದೊಂದು ಯಕ್ಷಗಾನ ಪ್ರಸಂಗ ಹುಟ್ಟಿಕೊಂಡಿಲ್ಲವೇ, ಹಾಗೆ.

ಆಟ ಎಂದರೆ ಇಲ್ಲಿ ಓಡುವುದು, ಹಾರುವುದು, ಅಂಕ ಗಳಿಸುವುದು ಅಲ್ಲ. ಹೆಚ್ಚಿನ ಹೊತ್ತು ನೀವು ಮಾಡುವುದು ಉತ್ತರ ಹೇಳುವ ಕೆಲಸ. ಯಾರೋ ಮಿಷೋನಳನ್ನು ಏನೋ ಕೇಳುತ್ತಾರೆ. ಪರದೆಯ ಕೆಳಗೆ ಮೂರ್ನಾಲ್ಕು ಉತ್ತರಗಳು ಮೂಡುತ್ತವೆ. ಅವುಗಳ ಜೊತೆಗೆ ಒಂದು ಪಟ್ಟಿ ಕರಗುತ್ತ ಹೋಗುತ್ತದೆ. ಅದು ಕರಗಿ ಮುಗಿಯುವುದರೊಳಗೆ ಒಂದನ್ನು ಒತ್ತಬೇಕು. ಯೋಚಿಸಿ ಹೇಳುತ್ತೇನೆ ಎನ್ನುವ ಹಾಗಿಲ್ಲ. ಕೆಲವು ಉತ್ತರಗಳ ನಂತರ ಮೂಲೆಯಲ್ಲೊಂದು ಸಾಲು ಬರುತ್ತದೆ: ಇಂಥವರು ಇದನ್ನು ನೆನಪಿಟ್ಟುಕೊಳ್ಳುತ್ತಾರೆ, ಎಂದು. ಮೊದಲ ಬಾರಿ ಅದು ಬಂದಾಗ ನಮ್ಮಲ್ಲೊಬ್ಬರು "ಅಯ್ಯೋ, ನಮ್ಮತ್ತೆ ನೆನಪಾದರು" ಎಂದದ್ದು ದಾಖಲಾಗಲಿ!

ನಮಗೆಲ್ಲ ಥಟ್ಟನೆ ನೆನಪಾದದ್ದು ಮಾತ್ರ ಚಂದಮಾಮದ ಪುಟ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಶಂಕರ್ ಅವರು ಬರೆದ ಆ ಚಿತ್ರವನ್ನು ಮರೆತವರುಂಟೇ? ಹೆಣದೊಳಗಿನ ಬೇತಾಳ ದಾರಿಯುದ್ದಕ್ಕೂ ಕಥೆ ಹೇಳುತ್ತಾನೆ, ಕೊನೆಗೊಂದು ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಸಾವಿರ ಹೋಳು. ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ. ಹೆಣ, ಕಂತು, ಬೆದರಿಕೆಯ ಪ್ರಶ್ನೆ, ಈ ಮೂರೂ ನಮ್ಮ ಹಿರಿಯರಿಗೆ ಗೊತ್ತಿದ್ದ ಸಾಮಗ್ರಿಯೇ. ಕ್ಯಾಲಿಫೋರ್ನಿಯಾದವರು ತಲೆ ಹೋಳಾಗುವ ಬದಲು ಕರಗುವ ಪಟ್ಟಿ ಇಟ್ಟಿದ್ದಾರೆ, ಅಷ್ಟೆ. ಆದರೆ ಒಂದು ವ್ಯತ್ಯಾಸ ಇದೆ. ಈ ಆಟದಲ್ಲಿ ಮೌನವೂ ಒಂದು ಉತ್ತರ. ಏನನ್ನೂ ಒತ್ತದಿದ್ದರೆ ಮಿಷೋನ್ ಸುಮ್ಮನಿರುತ್ತಾಳೆ, ಎದುರಿನವರು ಆ ಮೌನಕ್ಕೆ ತಮಗೆ ತೋಚಿದ ಅರ್ಥ ಹಚ್ಚಿಕೊಳ್ಳುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಗುಣದೋಷ. ದೋಷಗಳನ್ನೇ ಮೊದಲು ಹೇಳಿಬಿಡುತ್ತೇವೆ, ಏಕೆಂದರೆ ಅವು ಕಡಿಮೆಯೇನಿಲ್ಲ.

ಕಂತೊಂದು ಸುಮಾರು ಒಂದೂವರೆ ಗಂಟೆ. ಮೂರೂ ಸೇರಿ ಐದು ಗಂಟೆಯೊಳಗೆ ಮುಗಿಯುತ್ತದೆ. ಚಿಕ್ಕದಾಗಿರುವುದು ತಪ್ಪಲ್ಲ, ನೀಳ್ಗತೆಯೂ ಚಿಕ್ಕದೇ. ಆದರೆ ಇಲ್ಲಿ ನೀಳ್ಗತೆಯ ಅಳತೆಯ ಚೀಲಕ್ಕೆ ಕಾದಂಬರಿಯಷ್ಟು ಪಾತ್ರಗಳನ್ನು ತುರುಕಿದ್ದಾರೆ. ಮಿಷೋನ್ ಇರುವ ಹಡಗಿನಲ್ಲಿ ಪೀಟ್, ಸಿದ್ದಿಕ್, ಓಕ್, ಬರ್ಟೋ ಎಂಬ ನಾಲ್ವರಿದ್ದಾರೆ. ಪೀಟ್ ಒಬ್ಬನನ್ನು ಬಿಟ್ಟರೆ ಉಳಿದವರ ಮುಖಪರಿಚಯ ಆಗುವಷ್ಟರಲ್ಲಿ ಕಥೆ ಮುಂದೆ ಹೋಗಿರುತ್ತದೆ. ನೀರಿನ ಮೇಲೆ ಕಟ್ಟಿಕೊಂಡ ಮನ್ರೋ ಎಂಬ ವಸಾಹತು ಬರುತ್ತದೆ. ಎಂಥ ಒಳ್ಳೆಯ ಕಲ್ಪನೆ! ಅಲ್ಲಿನ ಜನ ಏನು ತಿನ್ನುತ್ತಾರೆ, ಹೇಗೆ ಬದುಕುತ್ತಾರೆ ಎಂದು ನೋಡಬೇಕೆನ್ನಿಸುತ್ತದೆ. ನೋಡುವಷ್ಟರಲ್ಲಿ ಅದಕ್ಕೆ ಬೆಂಕಿ. ಅಲ್ಲಿನ ಯಜಮಾನಿ ನಾರ್ಮಾ ಲೆಕ್ಕಾಚಾರದ ಹೆಂಗಸು, ಅವಳ ತಮ್ಮ ರ‍್ಯಾಂಡಲ್ ಕ್ರೂರಿ. ನಾರ್ಮಾಳ ಮಾತಿನಲ್ಲಿ ಅಲ್ಲಲ್ಲಿ ನ್ಯಾಯವೂ ಕೇಳಿಸುವುದರಿಂದ ಅವಳನ್ನು ಒಪ್ಪಬಹುದು. ರ‍್ಯಾಂಡಲ್ ಮಾತ್ರ ನಮ್ಮ ಹಳೆಯ ಸಿನಿಮಾಗಳ ಖಳನಾಯಕನ ಹಾಗೆ, ಬಂದ ಕೂಡಲೇ ಗೊತ್ತಾಗುತ್ತಾನೆ.

ಇದೇ ಕಂಪನಿ 2012ರಲ್ಲಿ ತಂದ ಮೊದಲ 'ವಾಕಿಂಗ್ ಡೆಡ್' ಐದು ಕಂತಿನದು. ಅದರಲ್ಲಿ ಲೀ ಎಂಬ ಕೈದಿ, ಕ್ಲೆಮೆಂಟೈನ್ ಎಂಬ ಪುಟ್ಟ ಹುಡುಗಿ. ಅವರಿಬ್ಬರ ನಂಟು ಬೆಳೆಯಲು ಐದು ಕಂತುಗಳ ಪುರುಸೊತ್ತು ಇತ್ತು. ಆ ವರ್ಷದ ಅತ್ಯುತ್ತಮ ಆಟ ಎಂಬ ಪ್ರಶಸ್ತಿಗಳೂ ಅದಕ್ಕೆ ಬಂದವು. ಅದನ್ನು ಆಡಿದವರಿಗೆ ಮಿಷೋನ್ ತೆಳು ಸಾರು ಅನ್ನಿಸಿದರೆ ಆಶ್ಚರ್ಯವಿಲ್ಲ. ಬುದ್ಧಿಗೆ ಕೆಲಸ ಕೊಡುವ ಒಗಟುಗಳೂ ಇಲ್ಲವೆನ್ನುವಷ್ಟು ಕಡಿಮೆ. ಹೊಡೆದಾಟ ಬಂದಾಗ ಪರದೆ ಹೇಳಿದ ಗುಂಡಿಯನ್ನು ಹೇಳಿದ ಕ್ಷಣಕ್ಕೆ ಒತ್ತಿದರಾಯಿತು. ಒತ್ತುವವರಿಗೆ ಕಣ್ಣೆಲ್ಲ ಗುಂಡಿಯ ಮೇಲೆ, ಹೊಡೆದಾಟದ ಸೊಗಸು ಕಾಣುವುದು ಪಕ್ಕದಲ್ಲಿ ಅವಲಕ್ಕಿ ತಿನ್ನುತ್ತ ಕೂತವರಿಗೆ!

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಬೇರೆಯೇ ಇದೆ. ನೀವು ಏನೇ ಉತ್ತರ ಕೊಟ್ಟರೂ ಕಥೆ ಬಂದು ಸೇರುವುದು ಅದೇ ಹೆದ್ದಾರಿಗೆ. ಯಾರೋ ಒಬ್ಬರು ಉಳಿಯಬಹುದು, ಅಳಿಯಬಹುದು, ಒಂದೆರಡು ಮಾತು ಬದಲಾಗಬಹುದು. ಟೆಲ್‌ಟೇಲ್ ಆಟಗಳ ಮೇಲೆ ಮೊದಲಿನಿಂದಲೂ ಇದ್ದ ದೂರು ಇದು. ಕಂತಿನ ಕೊನೆಯಲ್ಲಿ ಲೋಕದ ಉಳಿದ ಆಟಗಾರರಲ್ಲಿ ಶೇಕಡಾ ಎಷ್ಟು ಮಂದಿ ನಿಮ್ಮಂತೆಯೇ ಆರಿಸಿದರು ಎಂಬ ಪಟ್ಟಿ ಬರುತ್ತದೆ. ಆರಿಸಿದ್ದರಿಂದ ಏನೂ ಆಗದಿದ್ದ ಮೇಲೆ ಆ ಲೆಕ್ಕ ಯಾರಿಗೆ ಬೇಕು ಎಂದು ಎರಡನೆಯ ಶನಿವಾರ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು.

ಹಾಗಾದರೆ ಗುಣ ಯಾವುದು?

ಮಿಷೋನಳಿಗೆ ಇಬ್ಬರು ಹೆಣ್ಣುಮಕ್ಕಳು, ಎಲೋಡಿ ಮತ್ತು ಕೊಲೆಟ್. ಲೋಕ ಕುಸಿದು ಬಿದ್ದ ಹೊತ್ತಿಗೆ ಅವಳು ಆ ಮಕ್ಕಳ ಬಳಿ ಇರಲಿಲ್ಲ. ಆಟ ಆರಂಭವಾಗುವುದೇ ಅವಳು ಬದುಕು ಸಾಕೆಂದು ನಿಂತಿರುವಲ್ಲಿ. ಅಲ್ಲಿಂದ ಮುಂದೆ ಮೂರು ಕಂತುಗಳುದ್ದಕ್ಕೂ ಆ ಮಕ್ಕಳು ಆಗಾಗ ಎದುರು ಬಂದು ನಿಲ್ಲುತ್ತಾರೆ. ಹೆಣಗಳ ಹಾಗೆ ಅಲ್ಲ, ನೆನಪುಗಳ ಹಾಗೆ. ಹೊಡೆದಾಟದ ನಡುವೆ, ಯಾರದೋ ಮನೆಯ ಬಾಗಿಲು ತೆರೆಯುವಾಗ, ಸಮಂತಾ ಎಂಬ ಹುಡುಗಿಯ ಸಂಸಾರದ ಮಕ್ಕಳನ್ನು ನೋಡುವಾಗ. ಸಮಿರಾ ವೈಲಿ ಎಂಬ ನಟಿ ಮಿಷೋನಳಿಗೆ ದನಿ ಕೊಟ್ಟಿದ್ದಾರೆ. ಎತ್ತರಿಸದ, ಒಳಗೇ ಅದುಮಿಟ್ಟ ದನಿ. ಆಟದ ಅರ್ಧ ಭಾರವನ್ನು ಆ ದನಿಯೇ ಹೊತ್ತಿದೆ ಎಂದರೂ ಸಲ್ಲುತ್ತದೆ. ಶಾಯಿಯಲ್ಲಿ ಎಳೆದಂತಿರುವ ಕಪ್ಪು ಗೆರೆಗಳ ಚಿತ್ರಶೈಲಿಯೂ ಚೆನ್ನ.

ಇಲ್ಲಿನವರಿಗೆ ಇದು ಹೊಸದಲ್ಲ. ಸತ್ತು ಮರಳಿ ಬಂದವರಿಗೆ ಸ್ವೀಡಿಷ್ ಜಾನಪದದಲ್ಲಿ 'ಯೇನ್‌ಗೋಂಗರೆ' ಎನ್ನುತ್ತಾರೆ. ಶಬ್ದಶಃ 'ಮತ್ತೆ ನಡೆಯುವವರು'. ಯೋನ್ ಐವಿದೆ ಲಿಂಡ್‌ಕ್ವಿಸ್ಟ್ ಎಂಬ ಸ್ವೀಡಿಷ್ ಲೇಖಕರು 2005ರಲ್ಲಿ ಬರೆದ ಕಾದಂಬರಿಯಲ್ಲಿ ಸ್ಟಾಕ್‌ಹೋಮಿನ ಸತ್ತವರು ಏಳುತ್ತಾರೆ. ಅಲ್ಲಿನ ಪ್ರಶ್ನೆ ಅವರನ್ನು ಹೇಗೆ ಕೊಲ್ಲುವುದು ಎಂಬುದಲ್ಲ. ಮರಳಿ ಬಂದ ತಮ್ಮವರನ್ನು ಮನೆಯವರು ಏನು ಮಾಡಬೇಕು ಎಂಬುದು. ನಮ್ಮಲ್ಲೂ ದೆವ್ವ ಅಂದರೆ ಆಸೆ ತೀರದೆ ಹೋದವರೇ ತಾನೆ? ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದ ಕಾಲವನ್ನು ನಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿದ್ದೇವೆ. ಆ ದೆವ್ವಕ್ಕೆ ಓದು ಬರುತ್ತಿತ್ತು, ಮಾತಿಗೆ ಬೆಲೆ ಕೊಡುವಷ್ಟು ಮರ್ಯಾದೆಯೂ ಇತ್ತು. ಅಮೆರಿಕದ ಹೆಣಕ್ಕೆ ಎರಡೂ ಇಲ್ಲ.

ಮೂರನೆಯ ಶನಿವಾರ. ಎಲ್ಲರೂ ಸರದಿಯಲ್ಲಿ ಆಡಬೇಕೆಂಬುದು ನಮ್ಮ ನಿಯಮ. ಬಳಗದ ಹಿರಿಯರೊಬ್ಬರು ಅದುವರೆಗೆ "ನನಗೆ ಈ ಗುಂಡಿಗಳೆಲ್ಲ ಬರೋಲ್ಲಪ್ಪ" ಎಂದು ಜಾರಿಕೊಳ್ಳುತ್ತಿದ್ದವರು, ಅಂದು ಕೈಗೆ ತೆಗೆದುಕೊಂಡರು. ಮಕ್ಕಳ ನೆರಳು ಎದುರು ನಿಂತು ಕೇಳುವ ಒಂದು ಕಡೆ ಉತ್ತರಗಳು ಮೂಡಿದವು, ಪಟ್ಟಿ ಕರಗತೊಡಗಿತು. ಅವರು ಒತ್ತಲಿಲ್ಲ. ಗುಂಡಿ ಸಿಗಲಿಲ್ಲವೇನೋ ಎಂದು ನಾವು ಅಂದುಕೊಂಡೆವು. ಮುಂದಿನ ಪ್ರಶ್ನೆಗೂ ಒತ್ತಲಿಲ್ಲ. ಪಟ್ಟಿ ಎರಡು ಸಲವೂ ಕರಗಿ ಮುಗಿಯಿತು.

2020ರ ಏಪ್ರಿಲ್‌ನಲ್ಲಿ ಅವರ ತಂದೆ ಊರಿನಲ್ಲಿ ತೀರಿಕೊಂಡರು. ಭಾರತಕ್ಕೆ ವಿಮಾನಗಳೇ ನಿಂತುಹೋಗಿದ್ದ ತಿಂಗಳು ಅದು. ಇದು ನಮಗೆಲ್ಲ ಗೊತ್ತಿದ್ದ ಸಂಗತಿಯೇ. ನಾಲ್ಕು ಜನ ಸೇರಿದಲ್ಲಿ ಅವರೆಂದೂ ಎತ್ತಿರಲಿಲ್ಲ, ನಾವೂ ಎತ್ತಿರಲಿಲ್ಲ.

ಹುಡುಗಿ ಸಮಾಧಾನ ಮಾಡಲೆಂದೇ ಇರಬೇಕು, ಮೆತ್ತಗೆ ಹೇಳಿದಳು: "ಪರವಾಗಿಲ್ಲ ಅಂಕಲ್, ನಾನು ಇದನ್ನ ಎರಡು ಸಲ ಆಡಿದೀನಿ. ಇಲ್ಲಿ ಏನು ಒತ್ತಿದ್ರೂ ಕಥೆ ಮುಂದೆ ಹೋಗುತ್ತೆ."

"ಗೊತ್ತಮ್ಮ" ಎಂದರು. "ನಾನು ಫೋನಿನಲ್ಲಿ ಏನು ಹೇಳಿದ್ರೂ ಅಪ್ಪ ಉಳೀತಿರ್ಲಿಲ್ಲ. ಆದ್ರೂ ಏನು ಹೇಳಿದೆ ಅನ್ನೋದು ಉಳಿದುಬಿಡುತ್ತಲ್ಲ."

ಹಿಂದಿನ ಶನಿವಾರದ ಜಗಳ ನಮಗೆ ಆಗ ಬೇರೆಯಾಗಿ ಕಂಡಿತು. ಆಯ್ಕೆಯಿಂದ ಕಥೆ ಬದಲಾಗುವುದಿಲ್ಲ ಎಂಬುದು ಸಾಹಸದ ಭಾಗದಲ್ಲಿ ನಿಜಕ್ಕೂ ಕೊರತೆ. ಮನ್ರೋ, ನಾರ್ಮಾ, ರ‍್ಯಾಂಡಲ್ ಇವರ ನಡುವೆ ನಿಮಗೆ ಅಧಿಕಾರವಿದೆ ಎಂದು ಆಸೆ ಹುಟ್ಟಿಸಿ ಕೈಕೊಡುತ್ತಾರೆ. ಆ ದೂರನ್ನು ನಾವು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಮಕ್ಕಳ ಭಾಗದಲ್ಲಿ ಅದೇ ಯಂತ್ರ ಸರಿಯಾಗಿ ಕೆಲಸ ಮಾಡುತ್ತದೆ. ಆಗಿಹೋದದ್ದನ್ನು ಬದಲಿಸಲಾರದ ಕಡೆ ಉತ್ತರ ಹೇಳಬೇಕಾದ ಸಂಕಟಕ್ಕೆ ಇದಕ್ಕಿಂತ ಸರಿಯಾದ ರೂಪ ಕಾದಂಬರಿಯಲ್ಲಿ ಸಿಗುವುದು ಕಷ್ಟ, ಏಕೆಂದರೆ ಕಾದಂಬರಿಯಲ್ಲಿ ಉತ್ತರ ಹೇಳುವುದು ಪಾತ್ರ, ನಾವಲ್ಲ. ಬೇತಾಳನ ಕೊನೆಯ ಕಥೆಯಲ್ಲೂ ರಾಜನಿಗೆ ಉತ್ತರ ತಿಳಿಯದೆ ಸುಮ್ಮನಾಗುತ್ತಾನೆ, ಹೆಣ ಹೆಗಲ ಮೇಲೇ ಉಳಿಯುತ್ತದೆ. ಈ ಆಟವನ್ನು ಬರೆದವರು ಆ ಕಥೆ ಓದಿದ್ದರೆಂದು ನಾವು ಹೇಳುತ್ತಿಲ್ಲ!

ಕೊನೆಯ ದೃಶ್ಯದಲ್ಲಿ ಏನಾಗುತ್ತದೆಂದು ಬರೆಯುವುದಿಲ್ಲ. ಉಳಿಯಬೇಕೇ, ಹೊರಡಬೇಕೇ ಎಂಬ ಒಂದೇ ಪ್ರಶ್ನೆ ಅಲ್ಲಿದೆ. ಮೂರು ಕಂತುಗಳಲ್ಲಿ ನಮಗೆ ಏನನ್ನೂ ಕೂಡಿಸಬೇಕು, ಕಳೆಯಬೇಕು ಎನ್ನಿಸದ ಕೆಲವೇ ನಿಮಿಷಗಳು ಅವು.

ಆಡಬೇಕೆನ್ನುವವರಿಗೆ ಒಂದೆರಡು ವಿವರ. ರಕ್ತ ಧಾರಾಳ, ಆದ್ದರಿಂದ ಮಕ್ಕಳು ಮಲಗಿದ ಮೇಲೆ ಆಡಿ. ಈಚೆಗೆ ಮನೆಯಲ್ಲಿ ಸಾವು ಕಂಡವರು ಒಬ್ಬರೇ ಕೂತು ಆಡುವುದು ಬೇಡ. ಟೆಲ್‌ಟೇಲ್ ಕಂಪನಿ 2018ರ ಸೆಪ್ಟೆಂಬರ್‌ನಲ್ಲಿ ಬಹುತೇಕ ನೌಕರರನ್ನು ಮನೆಗೆ ಕಳಿಸಿ ಬಾಗಿಲು ಮುಚ್ಚಿತು. ಆಗ ಇದೇ ಸರಣಿಯ ಕೊನೆಯ ಆಟ ಅರ್ಧಕ್ಕೆ ನಿಂತಿತ್ತು. ಧಾರಾವಾಹಿ ನಡುವೆಯೇ ಪತ್ರಿಕೆ ನಿಂತುಹೋದ ಹಾಗೆ! ಕರ್ಕ್‌ಮನ್ ಅವರ ಸ್ಕೈಬೌಂಡ್ ಸಂಸ್ಥೆ ಅದನ್ನು ಕೈಗೆತ್ತಿಕೊಂಡು 2019ರಲ್ಲಿ ಮುಗಿಸಿತು. ಅದೇ ವರ್ಷ ಎಲ್ಲ ಆಟಗಳನ್ನೂ ಸೇರಿಸಿ ಒಂದೇ ಸಂಪುಟವಾಗಿ ತಂದಿತು. ಮಿಷೋನ್ ಅದರಲ್ಲಿದೆ.

ಅಂದು ಆಟ ಮುಗಿದು, ಕಾಫಿ ಲೋಟ ಎತ್ತಿಡುವಾಗ ಹುಡುಗಿ ಇನ್ನೊಂದು ಸಂಗತಿ ಹೇಳಿದಳು. (ಕಾಮಿಕ್ಸ್ ಓದುವ ಆಲೋಚನೆ ಇದ್ದವರು ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು.) ಆಟ ಬಂದ ಎರಡು ವರ್ಷಕ್ಕೆ, 2018ರಲ್ಲಿ, ಕಾಮಿಕ್ಸ್‌ನಲ್ಲಿ ಮಿಷೋನ್ ದೂರದ ಊರೊಂದಕ್ಕೆ ಹೋಗುತ್ತಾಳೆ. ಅಲ್ಲಿ ಅವಳ ಮಗಳು ಎಲೋಡಿ ಸಿಗುತ್ತಾಳೆ. ಬದುಕಿರುತ್ತಾಳೆ.

ಹಿರಿಯರು ಜಾಕೆಟ್ಟಿನ ಒಂದು ತೋಳು ಹಾಕಿಕೊಂಡವರು ಹಾಗೇ ನಿಂತರು. "ಅದು ಎಷ್ಟನೇ ಸಂಚಿಕೆ ಅಂತ ನನಗೊಂದು ಮೆಸೇಜ್ ಹಾಕಮ್ಮ" ಎಂದರು. ಕೆಳಗೆ ಟ್ರಾಮ್ ಬಂದ ಸದ್ದಾಯಿತು. ಅದನ್ನು ಬಿಟ್ಟು, ಮುಂದಿನದಕ್ಕೆ ಹೋದರು.