ಊಟದ ಜೊತೆಗೊಂದು ಲೋಟ ಮಜ್ಜಿಗೆ

ಕಳೆದ ಬೇಸಿಗೆಯಲ್ಲಿ ಧಾರಾಪುರದ ಬಳಿ ನಮ್ಮವರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಮುದ್ದೆ, ಹುರುಳಿ ಸಾರು ಬಡಿಸಿದ ಮೇಲೆ ಯಜಮಾನರು ಮಗನನ್ನು ಅಂಗಡಿಗೆ ಕಳುಹಿಸಿ ಬಣ್ಣದ ಸಿಹಿ ಪಾನೀಯ ತರಿಸಿದರು. “ಮಜ್ಜಿಗೆ ಇಲ್ಲವೇನಮ್ಮಾ?” ಎಂದು ಕೇಳಿದೆ. “ಇದೆ ಮೇಷ್ಟ್ರೇ, ನಿಮಗೆ ಬರಿಯ ಮಜ್ಜಿಗೆ ಕೊಡುವುದು ಹೇಗೆಂದು ಸಂಕೋಚವಾಯಿತು” ಎಂದರು ಅಜ್ಜಿ.

ಈ ಸಂಕೋಚವೇಕೆ? ಯೂರೋಪಿನ ದ್ರಾಕ್ಷಿ ಸೀಮೆಗಳಲ್ಲಿ ಸಾಮಾನ್ಯರೂ ಊಟದೊಡನೆ ಅಗ್ಗದ, ಸಿಹಿಯಿಲ್ಲದ ಬಿಳಿ ದ್ರಾಕ್ಷಾಮದ್ಯವನ್ನು ಕುಡಿಯುವುದುಂಟು. ಹಣ್ಣಿನ ಸಕ್ಕರೆ ಬಹುತೇಕ ಹುದುಗಿ ಮದ್ಯಸಾರವಾಗಿ, ಹುಳಿ ಎದ್ದು ತೋರುತ್ತದೆ. ಆ ಹುಳಿ ನಾಲಗೆಯ ಜಿಡ್ಡನ್ನು ಕಳೆದು ಮುಂದಿನ ತುತ್ತಿಗೆ ರುಚಿ ಕೊಡುತ್ತದೆ. ಅದೇ ಕೆಲಸವನ್ನು ಮಜ್ಜಿಗೆ ಅಮಲಿಲ್ಲದೆ ಮಾಡುತ್ತದೆ. ಹೆಪ್ಪಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯ ಒಂದಂಶವನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಕೇಸೀನ್ ಎಂಬ ಸಸಾರಜನಕ ಮೆಣಸಿನಕಾಯಿಯ ಉರಿಯನ್ನು ತಗ್ಗಿಸುತ್ತದೆ. ಅಂಗಡಿಯ ಎಷ್ಟೋ ಪಾನೀಯಗಳಲ್ಲಾದರೋ ೩೦೦ ಮಿ.ಲೀ.ಗೆ ಸುಮಾರು ೩೦ ಗ್ರಾಂ ಸಕ್ಕರೆ ಇರುತ್ತದೆ!

ಈ ಸೀಮೆ ಕಾಂಗೇಯಂ ತಳಿಯ ತವರು. ಕಿಳುವೆ ಬೇಲಿಯ ಕೊರಂಗಾಡುಗಳಲ್ಲಿ ಮೇಯುವ ಆ ಹಸುಗಳು ಕೊಡುವ ಹಾಲು ಸ್ವಲ್ಪವೇ. ಆದರೆ ಬೆಣ್ಣೆ ತೆಗೆದುಳಿದ ಮಜ್ಜಿಗೆಗೆ ನೀರು ಬೆರೆಸಿದರೆ ಮನೆಮಂದಿಗೆಲ್ಲ ಸಾಕು.

ಮೊಸರು ಅತಿ ಹುಳಿಯಾಗುವ ಮೊದಲೇ ಕಡೆಯಿರಿ. ಒಂದು ಪಾಲಿಗೆ ಮೂರು ಪಾಲು ತಣ್ಣೀರು, ಉಪ್ಪು, ಜಜ್ಜಿದ ಶುಂಠಿ, ಕರಿಬೇವು ಸೇರಿಸಿ ಮಡಕೆಯಲ್ಲಿಡಿ.

ಅಂದು ಮೊಮ್ಮಗ “ಮೋರು” ಎಂದು ಕೈಚಾಚಿದ. “ಮಜ್ಜಿಗೆ ಅನ್ನು, ಕೊಡುತ್ತೇನೆ” ಎಂದರು ಅಜ್ಜಿ. ಹುಡುಗ ಹಾಗೆಯೇ ಹೇಳಿ ಎರಡು ಲೋಟ ಕುಡಿದ. ಸಿಹಿ ಪಾನೀಯದ ಸೀಸೆ ಮುಚ್ಚಳ ತೆರೆಯದೆ ಹಾಗೆಯೇ ಉಳಿಯಿತು.